ಇಲ್ಲದ ಗೇಟು, ಮೂವತ್ತರ ಬೋರ್ಡು

ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ‘ಸಾರ್, ನಿಮ್ಮ ಅನುಭವ ಹೇಳಿ’ ಎನ್ನುತ್ತಾರೆ. ಅವರಿಗೆ ಬೇಕಾದದ್ದು ಸೇತುವೆ ಕಟ್ಟಿದ ಕಥೆ, ಕೊಚ್ಚಿಹೋದ ರಸ್ತೆಯನ್ನು ಹಗಲು ರಾತ್ರಿ ನಿಂತು ಸರಿಮಾಡಿಸಿದ ಕಥೆ. ನನ್ನ ಹತ್ತಿರ ಅಂಥದ್ದೇನೂ ಇಲ್ಲ. ಜೂನಿಯರ್ ಇಂಜಿನಿಯರಾಗಿ ಮಾಗಡಿಯಲ್ಲಿ ಸೇರಿ, ಚನ್ನಪಟ್ಟಣ, ರಾಮನಗರ ಸುತ್ತಿ, ಕನಕಪುರದಲ್ಲಿ ನಿವೃತ್ತನಾಗುವವರೆಗೆ ನಾನು ಹೆಚ್ಚಾಗಿ ಮಾಡಿದ್ದು ಎರಡೇ ಕೆಲಸ. ಗುಂಡಿ ಮುಚ್ಚಿಸಿದ್ದೇನೆ, ಬೋರ್ಡು ನೆಡಿಸಿದ್ದೇನೆ. ಬಿಳಿ ತಟ್ಟೆ, ಸುತ್ತ ಕೆಂಪು ಪಟ್ಟಿ, ನಡುವೆ ಮೂವತ್ತು ಅಥವಾ ನಲವತ್ತು. ಹೆದ್ದಾರಿ ಊರೊಳಗೆ ಹಾಯುವ ಕಡೆ ಅದಕ್ಕಿಂತ ಜೋರಾಗಿ ಹೋಗಬೇಡಿ ಎಂದು ಅದರ ಅರ್ಥ. ಯಾರೂ ಕೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನನ್ನನ್ನು ಬೈಯಬಾರದು.

ಮಾಗಡಿಯಲ್ಲಿ ನನಗೆ ಮೊದಲು ಸಿಕ್ಕ ಮೇಲಧಿಕಾರಿ, ಎಇಇ ಸಾಹೇಬರು, ನಿವೃತ್ತಿಯ ಅಂಚಿನಲ್ಲಿದ್ದರು. ಸೈಟಿಗೆ ಹೋದಾಗ ಕಲ್ಲಿನ ಮೇಲೆ ಕರವಸ್ತ್ರ ಹಾಸಿ ಕೂತು, ಎಲೆಯಡಿಕೆ ಹಾಕಿಕೊಂಡು ಪಾಠ ಮಾಡುತ್ತಿದ್ದರು. ಒಂದು ದಿನ, ‘ಈ ರಸ್ತೆಗೆ ಹೆದ್ದಾರಿ ಅಂತ ನಂಬರ್ ಕೊಟ್ಟಿದಾರಲ್ಲ, ಯಾಕೆ ಹೇಳಯ್ಯಾ’ ಎಂದರು.

‘ಗುರುತಿಗೆ ಸಾರ್.’

‘ಮಣ್ಣು. ನಂಬರ್ ಬಿದ್ದ ದಿನವೇ ಅದು ಊರಿನವರ ಕೈ ಬಿಟ್ಟುಹೋಯ್ತು ಅಂತ ಅರ್ಥ. ಆಮೇಲೆ ನೀನು ಎಷ್ಟು ಬೋರ್ಡು ನೆಟ್ಟರೂ ಅದನ್ನ ಅವರಿಗೆ ವಾಪಸ್ ಕೊಡಿಸೋಕಾಗಲ್ಲ.’

ವಯಸ್ಸಾದವರು ಹೀಗೆಯೇ ಎಂದು ನಾನು ಒಳಗೊಳಗೇ ನಕ್ಕೆ. ಆ ಸಲ ಬೋರ್ಡುಗಳಿಗೆ ಬಣ್ಣ ಬಳಿಸುವಾಗ ಪಕ್ಕದಲ್ಲೇ ನಿಂತು, ಅಂಕಿಯ ಅಂಚು ಸ್ವಲ್ಪವೂ ಅಲುಗಬಾರದು ಎಂದು ಪೇಂಟರನ ಪ್ರಾಣ ತಿಂದಿದ್ದೆ.

ಆ ಹುಮ್ಮಸ್ಸು ತಿಪ್ಪಸಂದ್ರದ ಕಡೆ ಮೊದಲ ಸಲ ಇಳಿಯಿತು. ಅಲ್ಲಿ ಸುಗ್ಗಿಯಲ್ಲಿ ಹುರುಳಿಯನ್ನೂ ರಾಗಿಯನ್ನೂ ರಸ್ತೆಯ ಮೇಲೆಯೇ ಹರಡುತ್ತಿದ್ದರು. ಬಸ್ಸು ಲಾರಿಗಳು ಅದರ ಮೇಲೆ ಹಾಯ್ದು ಒಕ್ಕಣೆಯಾಗುತ್ತಿತ್ತು, ಕಣ ಮಾಡುವ ಕಷ್ಟ ಇರಲಿಲ್ಲ. ನಾನು ಮೂವತ್ತರ ಬೋರ್ಡು ನೆಡಿಸುತ್ತಿದ್ದಾಗ ಒಬ್ಬ ರೈತ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನಿಂತ.

‘ಇದ್ಯಾಕ್ ಸಾರ್ ಇಲ್ಲಿ?’

‘ಗಾಡಿಗಳು ನಿಧಾನವಾಗಿ ಹೋಗಲಿ ಅಂತ ಕಣಪ್ಪ, ನಿಮಗೇ ಒಳ್ಳೇದು.’

‘ಏನ್ ಒಳ್ಳೇದು? ಮೆತ್ತುಗ್ ಬಂದ್ರೆ ಹುರುಳಿ ಬುಡಿಸ್ಕತದಾ? ಒಸಿ ಜೋರಾಗ್ ಬರ್ಬೇಕು ಸಾರ್. ನೆಡಾದಿದ್ರೆ ಸುಗ್ಗಿ ಮುಗುದ್ಮೇಲ್ ನೆಡಿ.’

ಸುಗ್ಗಿ ಮುಗಿಯುವವರೆಗೆ ಆ ಬೋರ್ಡು ಅವನ ಮನೆಯ ಗೋಡೆಗೆ ಒರಗಿಕೊಂಡಿತ್ತು. ಆಮೇಲೆ ನೆಟ್ಟೆವು. ಮುಂದಿನ ಸುಗ್ಗಿಗೆ ಕಾಣೆಯಾಯಿತು. ಹುಡುಕಿಕೊಂಡು ಹೋದರೆ ಬೇರೊಬ್ಬರ ಕೋಳಿಗೂಡಿಗೆ ಬಾಗಿಲಾಗಿತ್ತು. ‘ಬಿದ್ದಿತ್ತು ಸಾರ್, ಸುಮ್ಕೆ ಹಾಳಾಗ್ತದಲ್ಲ ಅಂತ ಎತ್ತಿಕ್ಕೊಂಡೆ’ ಎಂದು ಆ ಮನೆಯಾಕೆ ನನಗೇ ಉಪಕಾರ ಮಾಡಿದವಳಂತೆ ಹೇಳಿದಳು. ಕೋಳಿಗಳನ್ನು ಬೀದಿಗೆ ಬಿಟ್ಟು ಬಾಗಿಲು ಕಿತ್ತು ತರುವ ಮನಸ್ಸಾಗಲಿಲ್ಲ, ಬರಿಗೈಯಲ್ಲಿ ವಾಪಸ್ಸಾದೆ.

ಮುಂದೆ ಮೇಲಿನಿಂದ ಆದೇಶ ಬಂತು, ಬೋರ್ಡುಗಳೆಲ್ಲ ಕನ್ನಡದಲ್ಲಿರಬೇಕು, ಅಂಕಿಗಳೂ ಕನ್ನಡದವೇ ಆಗಬೇಕು ಎಂದು. ನನಗೂ ಖುಷಿಯಾಯಿತು. ಕಲ್ಯದ ತಿರುವಿನ ಹತ್ತಿರ ದೊಡ್ಡದಾಗಿ ‘೪೦’ ಎಂದು ಬರೆಸಿದೆ. ಆ ತಿರುವಿನಲ್ಲಿ ತಮಿಳುನಾಡಿನ ಲಾರಿಯೊಂದು ಎತ್ತಿನ ಗಾಡಿಗೆ ಗುದ್ದಿತು. ಗಾಡಿಯವನು ಪೆಟ್ಟು ತಿಂದು ಉಳಿದ, ಒಂದು ಎತ್ತು ಉಳಿಯಲಿಲ್ಲ. ಜನ ಲಾರಿ ಡ್ರೈವರನ್ನು ಹಿಡಿದು ಬೋರ್ಡಿನ ಮುಂದೆಯೇ ನಿಲ್ಲಿಸಿದ್ದರು. ಅವನು ಎರಡೂ ಕೈ ಜೋಡಿಸಿ ನನಗೆ ಹೇಳಿದ, ‘ನಿಮ್ದು ಬೋರ್ಡ್‌ದಲ್ಲೇ ಎಂಬತ್ತು ಅಂತ ಇದೆ ಸಾರ್. ನಾನು ಅರವತ್ತೇ ಬಂದಿದ್ದು.’

ನಾನು ಬೋರ್ಡನ್ನು ಅವನ ಕಣ್ಣಿನಿಂದ ನೋಡಿದೆ. ನಮ್ಮ ನಾಲ್ಕು ಅವನಿಗೆ ತಲೆ ತೆರೆದಿಟ್ಟ ಇಂಗ್ಲಿಷಿನ ಎಂಟು. ಅವನದು ಸುಳ್ಳಲ್ಲ. ಎಷ್ಟೋ ಜನ ಹಾಗೆಯೇ ಓದಿಕೊಂಡು, ಕರ್ನಾಟಕದವರು ಎಂಥ ಉದಾರಿಗಳು ಎಂದುಕೊಂಡು ಹೋಗಿದ್ದಿರಬೇಕು. ಆಮೇಲೆ ಎರಡೂ ಬಗೆಯ ಅಂಕಿ ಬರೆಸುವುದಾಯಿತು. ಎತ್ತು ಕಳೆದುಕೊಂಡವನು ಮಾತ್ರ ತುಂಬ ದಿನ ನಮ್ಮ ಆಫೀಸಿನ ಜಗಲಿಯಲ್ಲಿ ಬಂದು ಕೂರುತ್ತಿದ್ದ.

ಇವೆಲ್ಲ ನಗುತ್ತಾ ಹೇಳಬಹುದಾದ ಸಂಗತಿಗಳು. ಹುಡುಗರು ಬಂದಾಗ ಇವನ್ನೇ ಹೇಳಿ ಕಾಫಿ ಕುಡಿಸಿ ಕಳಿಸುತ್ತೇನೆ. ಇನ್ನು ಬರೆಯುವುದನ್ನು ಯಾರಿಗೂ ಬಾಯಿಬಿಟ್ಟು ಹೇಳಿಲ್ಲ.

ಕನಕಪುರಕ್ಕೆ ವರ್ಗವಾಗಿ ಬಂದಾಗ ಹಾರೋಹಳ್ಳಿ ಕೈಗಾರಿಕಾ ಪ್ರದೇಶ ಬೆಳೆಯುತ್ತಿತ್ತು. ಬೆಳಗಾದರೆ ಕಾರ್ಖಾನೆಯ ಬಸ್ಸುಗಳು, ದಿನವಿಡೀ ಜಲ್ಲಿ ಹೊತ್ತ ಟಿಪ್ಪರುಗಳು. ನನ್ನ ಪಾಲಿಗೆ ಬಂದ ರಸ್ತೆಯಲ್ಲಿ ಒಂದು ಊರಿತ್ತು. ಅದರ ಹೆಸರು ಬೇಡ. ಊರು ಒಂದಷ್ಟು ಒಳಗೆ. ಹೆದ್ದಾರಿಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಊರಿನ ಹೆಸರಿನ ಮುಂದೆ ‘ಗೇಟ್’ ಎಂದು ಸೇರಿಸಿ ಹೇಳುತ್ತಾರೆ. ನಮ್ಮ ಕಡೆ ಎಲ್ಲ ಊರಿಗೂ ಹೀಗೊಂದು ಗೇಟ್ ಉಂಟು. ಅಲ್ಲಿ ಗೇಟೂ ಇರುವುದಿಲ್ಲ, ಬಾಗಿಲೂ ಇರುವುದಿಲ್ಲ. ಒಂದು ಟೀ ಅಂಗಡಿ, ಒಂದು ಮರ, ಕೂರಲು ಒಂದು ಕಲ್ಲು ಚಪ್ಪಡಿ. ಯಾಕೆ ಗೇಟ್ ಎನ್ನುತ್ತಾರೆಂದು ನನಗೆ ಗೊತ್ತಿಲ್ಲ, ಹೇಳುವವರಿಗೂ ಗೊತ್ತಿಲ್ಲ.

ಊರಿನ ಹಾಲಿನ ಡೈರಿ ಹೆದ್ದಾರಿಯ ಆಚೆ ಬದಿಗಿತ್ತು. ಜಾಗ ಕೊಟ್ಟವರ ಜಮೀನು ಅಲ್ಲಿತ್ತು, ಅದಕ್ಕೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಸು ಕಟ್ಟಿದವರೆಲ್ಲ ಹಾಲಿನ ಕ್ಯಾನು ಹಿಡಿದು ರಸ್ತೆ ದಾಟಬೇಕು. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಒಬ್ಬ ಹೆಂಗಸು ನೇರ ಜೀಪಿನ ಹತ್ತಿರ ಬಂದಳು. ಹೆಸರು ಪುಟ್ಟಗೌರಮ್ಮ, ನಲವತ್ತರ ಆಸುಪಾಸು, ಸೊಂಟಕ್ಕೆ ಸೆರಗು ಬಿಗಿದಿದ್ದಳು.

‘ರೋಡ್ ಸಾಹೇಬ್ರು ನೀವೇಯಾ? ಇಲ್ಲಿ ಬಂಡಿಗಳ್ನ ಒಸಿ ಮೆತ್ತುಗ್ ಮಾಡಿಸ್‌ಬೇಕು ಸಾರ್. ನಮ್ ಯಜಮಾನ್ರಿಗೆ ಕಿವಿ ಕೇಳಾಕಿಲ್ಲ.’

ಅವಳ ಗಂಡ ರುದ್ರಯ್ಯ ಹಿಂದೆಯೇ ನಿಂತಿದ್ದ. ದಪ್ಪ ಮೀಸೆಯ, ನಗುಮುಖದ ಮನುಷ್ಯ, ಹಣೆಯ ತುಂಬ ವಿಭೂತಿ. ಚಿಕ್ಕಂದಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋಗಿದ್ದವಂತೆ. ಹಾರ್ನ್ ಕೇಳುವುದಿಲ್ಲ, ಇಂಜಿನ್ನಿನ ಸದ್ದು ಕೇಳುವುದಿಲ್ಲ. ಹಸುಗಳ ಮೇಲೆ ಜೀವ. ಹಾಲನ್ನು ತಾನೇ ಡೈರಿಗೆ ಹಾಕಬೇಕು, ಬೇರೆಯವರು ಹಾಕಿದರೆ ಸಮಾಧಾನವಿಲ್ಲ. ಅದಕ್ಕೆ ಗೌರಮ್ಮ ದಿನಕ್ಕೆ ಎರಡು ಸಲ ಅವನ ತೋಳು ಹಿಡಿದು ದಾಟಿಸುತ್ತಿದ್ದಳು, ಎರಡು ಸಲ ವಾಪಸ್ ಕರೆತರುತ್ತಿದ್ದಳು.

‘ನಾನಿಲ್ದೇ ಇದ್ ದಿವ್ಸ ಏನಾರ ಆದ್ರೆ ಏನ್ ಸಾರ್ ಮಾಡ್ಲಿ?’ ಎಂದಳು. ಅವಳಿಗೆ ಇದ್ದದ್ದು ಇದೊಂದೇ ಭಯ. ಅದನ್ನು ಅವಳು ಮುಚ್ಚಿಡುತ್ತಿರಲಿಲ್ಲ.

ಕಷ್ಟದ ಕೆಲಸವೇನಲ್ಲ, ಎರಡೂ ಕಡೆ ಮೂವತ್ತರ ಬೋರ್ಡು, ನಡುವೆ ಒಂದು ರಸ್ತೆ ಉಬ್ಬು ಸಾಕು ಎಂದುಕೊಂಡೆ. ರಸ್ತೆ ಅಗಲ ಮಾಡುವ ಕಾಮಗಾರಿ ಆಗಷ್ಟೇ ಮಂಜೂರಾಗಿತ್ತು. ಅದರ ನಕ್ಷೆಯಲ್ಲಿಯೇ ಸೇರಿಸಿ ಕಳಿಸಿದೆ. ನಕ್ಷೆ ವಾಪಸ್ ಬಂದಾಗ ನನ್ನ ಉಬ್ಬಿಗೂ ಬೋರ್ಡಿಗೂ ಕೆಂಪು ಗೀಟು ಬಿದ್ದಿತ್ತು. ಆ ಊರಿಗೆ ಮಾತ್ರವಲ್ಲ, ಎಲ್ಲೆಲ್ಲಿ ಗೇಟ್ ಎಂದು ಬರೆದಿದ್ದೆನೋ ಅಲ್ಲೆಲ್ಲ.

ಆಗಿನ ಕಾರ್ಯಪಾಲಕ ಇಂಜಿನಿಯರು ಉತ್ತರ ಕರ್ನಾಟಕದಿಂದ ಹೊಸದಾಗಿ ಬಂದಿದ್ದವರು. ಕೇಡಿಗರಲ್ಲ, ಸಭ್ಯರು. ಹೋಗಿ ಕೇಳಿದೆ.

‘ಅಲ್ರೀ, ಅಲ್ಲಿ ಗೇಟ್ ಐತಿ ಅಂತ ನೀವ ಬರದೀರಿ’ ಎಂದರು. ‘ಗೇಟ್ ಹಾಕಿದ್ರ ಗಾಡಿ ತಾವ ನಿಂದರತಾವ. ಅದರ ಮ್ಯಾಲ ಮತ್ತ ಮೂವತ್ತರ ಬೋರ್ಡ್ ಯಾಕ ಬೇಕು?’

‘ಸಾರ್, ಅದು ರೈಲ್ವೆ ಗೇಟಲ್ಲ. ಬಸ್ಸು ನಿಲ್ಲೋ ಜಾಗ.’

‘ಬಸ್ ನಿಲ್ಲೂ ಜಾಗಕ್ಕ ಗೇಟ್ ಅಂತ ಯಾರ ಅಂತಾರ್ರೀ?’

‘ಇಲ್ಲಿ ಎಲ್ಲರೂ ಅಂತಾರೆ ಸಾರ್.’

ಅವರು ನಕ್ಕರು. ನಾನೂ ನಕ್ಕೆ. ಹೆಸರು ತಿದ್ದಿ ಕಳಿಸಿ, ನೋಡೋಣ ಎಂದರು. ಗೇಟ್ ತೆಗೆದು ಬಸ್ ನಿಲ್ದಾಣ ಎಂದು ತಿದ್ದಿ ಕಳಿಸಿದೆ. ಅಲ್ಲಿ ನಿಲ್ದಾಣದ ಕಟ್ಟಡವೇ ಇಲ್ಲವೆಂದು ಮತ್ತೆ ಹೊಡೆದುಹಾಕಿದರು. ಅಷ್ಟರಲ್ಲಿ ರಸ್ತೆ ಅಗಲವಾಗಿ, ಗುಂಡಿಗಳೆಲ್ಲ ಹೋಗಿ, ನುಣುಪಾಗಿ ಹೊಳೆಯತೊಡಗಿತ್ತು. ಗುಂಡಿಗಳಿದ್ದಾಗ ಆ ಗುಂಡಿಗಳೇ ಜನರನ್ನು ಕಾಯುತ್ತಿದ್ದವು. ಅವನ್ನು ಮುಚ್ಚಿಸಿದವನು ನಾನೇ, ಅದು ನನ್ನ ಕೆಲಸ.

‘ನೀವೇ ಒಂದು ಬೋರ್ಡು ತಂದು ನೆಡಬಾರದಿತ್ತೇ’ ಎಂದು ನೀವು ಕೇಳಬಹುದು. ನೆಟ್ಟೆ. ಸ್ಟೋರಿನಲ್ಲಿ ಬಿದ್ದಿದ್ದ ಹಳೆಯದೊಂದನ್ನು ಬಣ್ಣ ಬಳಿಸಿ ನಿಲ್ಲಿಸಿದೆ. ನಕ್ಷೆಯಲ್ಲಿಲ್ಲದ ಬೋರ್ಡು ಬಿಲ್ಲಿಗೆ ತೊಡಕಾಗುತ್ತದೆಂದು ಗುತ್ತಿಗೆದಾರನ ಆಳುಗಳು ಕಿತ್ತುಹಾಕಿದರು. ಮತ್ತೆ ನೆಟ್ಟೆ. ಅದನ್ನು ಟಿಪ್ಪರೊಂದು ಸವರಿಕೊಂಡು ಹೋಯಿತು. ಆ ಬೋರ್ಡು ನಿಂತಿದ್ದ ದಿನಗಳಲ್ಲಾದರೂ ಯಾರಾದರೂ ನಿಧಾನವಾಗಿ ಹೋದರೇ ಎಂದರೆ, ಇಲ್ಲ.

ಕೊನೆಗೆ ಸಾಹೇಬರನ್ನೇ ಕರೆದುಕೊಂಡು ಬಂದು ತೋರಿಸುತ್ತೇನೆ ಎಂದು ಗೌರಮ್ಮನಿಗೆ ಮಾತು ಕೊಟ್ಟೆ. ಬೆನ್ನುಬಿದ್ದು, ಒಂದು ಮಧ್ಯಾಹ್ನ ಅವರು ಒಪ್ಪುವಂತೆ ಮಾಡಿದೆ. ಕನಕಪುರದಲ್ಲಿ ಊಟ ಮುಗಿಸಿ ಹೊರಟೆವು. ನಾನು ಮುಂದೆ, ಡ್ರೈವರನ ಪಕ್ಕದಲ್ಲಿ. ಸಾಹೇಬರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದ್ದರು. ಹೊಸ ರಸ್ತೆಯಾದ್ದರಿಂದ ಡ್ರೈವರ್ ಖುಷಿಯಲ್ಲಿ ಓಡಿಸುತ್ತಿದ್ದ. ‘ನಿಧಾನ, ನಿಧಾನ, ಇಲ್ಲೇ’ ಎಂದು ನಾನು ಕೈ ಚಾಚುವಷ್ಟರಲ್ಲಿ ಟೀ ಅಂಗಡಿ, ಮರ, ಚಪ್ಪಡಿ ಎಲ್ಲ ಹಿಂದಕ್ಕೆ ಹೋಗಿದ್ದವು. ಮರದ ಕೆಳಗೆ ಊರಿನ ಹತ್ತಾರು ಜನ ಕಾದು ನಿಂತಿದ್ದರು. ಗೌರಮ್ಮನ ಕೈಯಲ್ಲಿ ಹೂವಿನ ಹಾರವಿತ್ತು. ಅವಳು ಹಾರ ಎತ್ತಿ ಹಿಡಿದಿದ್ದಷ್ಟೇ ಕಂಡಿತು.

ಸಾಹೇಬರಿಗೆ ಎಚ್ಚರವಾಯಿತು. ‘ಎಲ್ಲಿ ನಿಮ್ಮ ಗೇಟ್?’

‘ಆಗಲೇ ಹಿಂದೆ ಹೋಯ್ತು ಸಾರ್.’

ಕಾರು ನಿಂತಿತು. ಹಿಂದಿನಿಂದ ಟಿಪ್ಪರುಗಳು ಸಾಲಾಗಿ ಹಾರ್ನ್ ಹೊಡೆಯುತ್ತಿದ್ದವು. ತಿರುಗಿಸಲು ಜಾಗ ಸಿಗಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡು, ‘ಇರ್ಲಿ ಬಿಡ್ರೀ, ಇನ್ನೊಂದ ಸಲ ಬಂದ್ರಾತು’ ಎಂದರು. ಇನ್ನೊಂದು ಸಲ ಬರಲಿಲ್ಲ. ನನಗೆ ಈಗಲೂ ಆ ಹಾರ ನೆನಪಾದರೆ ಮೈ ಉರಿಯುತ್ತದೆ. ಸಾಹೇಬರ ಮೇಲಲ್ಲ, ಯಾರ ಮೇಲೆಂದು ಹೇಳಲೂ ಆಗುವುದಿಲ್ಲ.

ಗೌರಮ್ಮ ಮಾತ್ರ ನನ್ನನ್ನು ಬೈಯಲಿಲ್ಲ. ಮುಂದಿನ ವಾರ ಹೋದಾಗ ಟೀ ಕೊಡಿಸಿದಳು. ‘ನಿಮ್ ಸಾಹೇಬ್ರ ಕಾರೇ ನಿಲ್ಲನಿಲ್ಲ, ಇನ್ ಟಿಪ್ಪರ್‌ನೋರ್ ನಿಲ್ತಾರಾ ಬುಡಿ ಸಾರ್’ ಎಂದಳು. ಆಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು. ಮನೆಯಿಂದ ಕೆಂಪು ಟವೆಲ್ ತಂದು, ಹಾಲಿನ ಹೊತ್ತಿಗೆ ರಸ್ತೆಯ ನಡುವೆ ನಿಂತು, ಎರಡೂ ಕೈಯಲ್ಲಿ ಅಗಲಿಸಿ ಹಿಡಿಯುತ್ತಿದ್ದಳು. ಕಾರ್ಖಾನೆಯ ಬಸ್ಸಿನವರು ಮೊದಮೊದಲು ಬೈದರು, ಆಮೇಲೆ ಅಭ್ಯಾಸವಾಗಿ ನಿಲ್ಲಿಸತೊಡಗಿದರು. ರುದ್ರಯ್ಯನ ಜೊತೆಗೆ ಊರಿನ ಹೆಂಗಸರು ಮುದುಕರೆಲ್ಲ ಅವಳ ಬೆನ್ನಿಗೆ ದಾಟುತ್ತಿದ್ದರು. ಊರಿನವರು ತಮಾಷೆಗೆ ಅವಳನ್ನು ಗೇಟಮ್ಮ ಎನ್ನುತ್ತಿದ್ದರು.

ನನಗೆ ಅದು ಸರಿಯೆನಿಸಲಿಲ್ಲ. ‘ಗೌರಮ್ಮ, ಹೀಗೆ ನಡುರಸ್ತೇಲಿ ನಿಲ್ಲಬಾರದು. ಅಪಾಯ’ ಎಂದೆ.

‘ಹಂಗಾರೆ ಇನ್ಯಾರ್ ನಿಂತ್ಕತಾರೆ ಸಾರ್? ನೀವ್ ನಿಂತ್ಕತೀರಾ?’

ಮುನಿಸಿನಿಂದ ಕೇಳಿದ್ದಲ್ಲ, ನಗುತ್ತಲೇ ಕೇಳಿದಳು.

ಒಂದು ಸಂಜೆ ಅವಳು ಟವೆಲ್ ಹಿಡಿದು ನಿಂತಾಗ ಕಾರ್ಖಾನೆಯ ಬಸ್ಸೊಂದು ಎಂದಿನಂತೆ ನಿಂತಿತು. ರುದ್ರಯ್ಯ ಕ್ಯಾನು ಹಿಡಿದು ದಾಟಿದ. ಅವನ ಹಿಂದೆ ಉಳಿದವರು ಹೊರಟಿದ್ದರು. ನಿಂತ ಬಸ್ಸಿನ ಹಿಂದೆ ಟಿಪ್ಪರೊಂದು ಬರುತ್ತಿತ್ತು. ಬಸ್ಸು ಯಾಕೆ ನಿಂತಿದೆಯೆಂದು ಅದರ ಡ್ರೈವರನಿಗೆ ಕಾಣಲಿಲ್ಲ. ಬಲಕ್ಕೆ ತೆಗೆದು ಓವರ್‌ಟೇಕ್ ಮಾಡಿದ. ಗೌರಮ್ಮ ಹಿಂದೆ ಬರುತ್ತಿದ್ದ ಹೆಂಗಸರನ್ನು ತಳ್ಳಿದಳಂತೆ. ಅವರು ಉಳಿದರು, ಅವಳು ಉಳಿಯಲಿಲ್ಲ.

ರುದ್ರಯ್ಯನಿಗೆ ಕೇಳಿಸಲಿಲ್ಲ. ಅವನು ಡೈರಿಯ ಸಾಲಿನಲ್ಲಿ ನಿಂತು, ಹಾಲು ಹಾಕಿ, ಕ್ಯಾನು ತೊಳೆದುಕೊಂಡು, ಹೆಂಡತಿ ಎಲ್ಲಿ ಎಂದು ತಿರುಗಿ ನೋಡಿದ. ಅಲ್ಲಿದ್ದವರು ಯಾರೂ ಅವನ ತೋಳು ಮುಟ್ಟುವ ಧೈರ್ಯ ಮಾಡಿರಲಿಲ್ಲ. ಇದನ್ನು ನನಗೆ ಹೇಳಿದವನು ಡೈರಿಯ ಸೆಕ್ರೆಟರಿ.

ಮಾರನೆಯ ದಿನ ಊರಿನವರು ರಸ್ತೆಗೆ ಕಲ್ಲು ಅಡ್ಡ ಹಾಕಿ ಕೂತರು. ಕಾರ್ಯಪಾಲಕ ಇಂಜಿನಿಯರರಿಂದ ನನಗೆ ಫೋನು ಬಂತು. ‘ಅಲ್ಲಾ, ಅಲ್ಲಿ ಗೇಟ್ ಇತ್ತಲ್ರೀ?’ ಎಂದರು. ಅವರ ದನಿಯಲ್ಲಿ ನಿಜವಾದ ಗಾಬರಿಯಿತ್ತು. ಅಲ್ಲಿ ಗೇಟಿಲ್ಲವೆಂದು ನಾನು ಹೇಳಿದ್ದು ಅವರಿಗೆ ಮರೆತೇಹೋಗಿತ್ತು.

ಆ ವಾರದಲ್ಲೇ ಎಲ್ಲ ಬಂತು. ಹೊಳೆಯುವ ಸ್ಟಿಕ್ಕರಿನ ಹೊಸ ಬೋರ್ಡು, ಒಂದಲ್ಲ ಎರಡು ಉಬ್ಬು, ಬಿಳಿ ಪಟ್ಟೆ, ಮಿಣುಕುವ ಹಳದಿ ದೀಪ. ನಕ್ಷೆಯನ್ನು ಯಾರೂ ಕೇಳಲಿಲ್ಲ, ಹೆಸರನ್ನೂ ಕೇಳಲಿಲ್ಲ. ಹೊಸಬರೇ, ಸರ್ವೀಸು ಕಳೆದಂತೆ ನೀವೂ ನೋಡುತ್ತೀರಿ. ಯಾವ ರಸ್ತೆಯಲ್ಲಿ ಎಲ್ಲಿ ಉಬ್ಬಿದೆಯೋ ಅಲ್ಲಿ ಇಳಿದು ವಿಚಾರಿಸಿ, ಯಾರೋ ಒಬ್ಬರ ಹೆಸರು ಹೇಳುತ್ತಾರೆ. ವೇಗದ ಮಿತಿಯನ್ನು ನಿರ್ಧರಿಸುವ ವಿಧಾನ ಎಂದು ನಿಮಗೆ ತರಬೇತಿಯಲ್ಲಿ ಏನೇನೋ ಕಲಿಸುತ್ತಾರೆ. ನಾನು ಕಂಡ ವಿಧಾನ ಇದೊಂದೇ.

ನಿವೃತ್ತಿಗೆ ಸ್ವಲ್ಪ ಮೊದಲು ಒಂದು ಬೆಳಿಗ್ಗೆ, ಹಾಲಿನ ಹೊತ್ತಿಗೆ, ಆ ಕಡೆ ಹೋದೆ. ಜೀಪನ್ನು ದೂರದಲ್ಲೇ ನಿಲ್ಲಿಸಿ ನೋಡಿದೆ. ಟಿಪ್ಪರುಗಳು ಉಬ್ಬಿನ ಹತ್ತಿರ ಬಂದು ಉಸಿರು ಬಿಟ್ಟಂತೆ ನಿಧಾನವಾಗುತ್ತಿದ್ದವು. ಕ್ಯಾನು ಹಿಡಿದ ಜನ ಅವಸರವಿಲ್ಲದೆ, ಮಾತಾಡಿಕೊಂಡು ದಾಟುತ್ತಿದ್ದರು. ನನ್ನ ಸರ್ವೀಸಿನಲ್ಲಿ ಮೂವತ್ತು ಎಂದು ಬರೆದ ಕಡೆ ಗಾಡಿಗಳು ಮೂವತ್ತರಲ್ಲಿ ಹೋಗಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಸಂತೋಷವಾಗಬೇಕಿತ್ತು.

ರುದ್ರಯ್ಯ ಊರಿನ ಕಡೆಯ ಚಪ್ಪಡಿಯ ಮೇಲೆ ಕೂತಿದ್ದ. ಕೈಯಲ್ಲಿ ಕ್ಯಾನಿರಲಿಲ್ಲ. ಅವನು ಎದ್ದು ರಸ್ತೆಯ ಅಂಚಿಗೆ ಬಂದು ನಿಂತ. ಬರುತ್ತಿದ್ದ ಕಾರ್ಖಾನೆಯ ಬಸ್ಸು ಅವನನ್ನು ಕಂಡು ಪೂರ್ತಿ ನಿಂತಿತು. ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ, ದಾಟು ಎಂದು ಸನ್ನೆ ಮಾಡಿದ. ರುದ್ರಯ್ಯ ದಾಟಲಿಲ್ಲ. ನೀನು ಹೋಗಪ್ಪ ಎಂದು ಕೈ ಬೀಸಿದ. ಬಸ್ಸು ಹೋಯಿತು. ಹಿಂದೆ ಬಂದ ಟಿಪ್ಪರೂ ನಿಂತಿತು, ಅದಕ್ಕೂ ಹಾಗೆಯೇ ಕೈ ಬೀಸಿದ.

ನಾನು ಹತ್ತಿರ ಹೋಗಿ ಅವನ ಭುಜ ಮುಟ್ಟಿದೆ. ಗುರುತು ಹಿಡಿದು ನಕ್ಕ. ಆಚೆಯ ಡೈರಿಯನ್ನು ತೋರಿಸಿ, ಯಾಕೆ ಹೋಗುವುದಿಲ್ಲವೆಂದು ಕೈಸನ್ನೆಯಲ್ಲಿ ಕೇಳಿದೆ. ಕಿವಿ ಕೇಳದವರು ಮಾತಾಡುವಂತೆ, ಆಚೆ ಬದಿಯವರಿಗೂ ಕೇಳುವಷ್ಟು ಗಟ್ಟಿಯಾಗಿ ಅವನು ಹೇಳಿದ.

‘ಹಸಾನೆಲ್ಲ ಮಾರ್ಬುಟ್ಟೆ ಸಾರ್. ಇನ್ ಆ ಕಡೀಕೆ ಹೋಗಿ ನಾನೇನ್ ಮಾಡ್ಲಿ?’